ಅರವತ್ತು ದಾಟಿದ ಕೈಗಳಿಗೆ ಯಾಕೆ ಕೆಲಸ ಬೇಕು

ಭೀಮನ ಅಮಾವಾಸ್ಯೆ ಕಳೆದರೆ ಸಾಕು, ನಮ್ಮ ಮನೆಯಲ್ಲಿ ಅರಳೆಯ ಕೆಲಸ ಶುರುವಾಗುತ್ತದೆ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಹಾಲ್‌ನ ಕಿಟಕಿ ಪಕ್ಕಕ್ಕೆ ಅಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅವರಿಗೀಗ 76. ಮುಂದೆ ಒಂದು ಸ್ಟೂಲು, ಅದರ ಮೇಲೆ ಬಟ್ಟಲಲ್ಲಿ ಒಂದಿಷ್ಟು ಹಾಲು, ಇನ್ನೊಂದರಲ್ಲಿ ಕಲಸಿದ ಕುಂಕುಮ, ಪಕ್ಕದಲ್ಲಿ ಬುಟ್ಟಿ ತುಂಬ ಅರಳೆ.

ಗೆಜ್ಜೆವಸ್ತ್ರ ಮಾಡುವುದನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮೊದಲು ಅರಳೆಯ ಬೀಜ, ಕಸ ಆರಿಸಬೇಕು. ಬೆರಳಲ್ಲಿ ಮೆಲ್ಲಗೆ ಬಿಡಿಸಿ ಹಗುರ ಮಾಡಿ, ಉದ್ದಕ್ಕೆ ಎಳೆ ತೆಗೆಯಬೇಕು. ಜೋರಾಗಿ ಎಳೆದರೆ ಹರಿಯುತ್ತದೆ. ಹೆಬ್ಬೆರಳು, ತೋರುಬೆರಳನ್ನು ಹಾಲಿಗೆ ತಾಗಿಸಿ ಒಂದು ಕಡೆ ಹೊಸೆದರೆ ಅಲ್ಲಿ ದಾರವಾಗುತ್ತದೆ. ಒಂದು ಅಂಗುಲ ಬಿಟ್ಟು ಮತ್ತೆ ಹೊಸೆದರೆ ನಡುವೆ ಉಳಿದ ಅರಳೆ ಉಬ್ಬಿಕೊಂಡು ಗೆಜ್ಜೆಯಾಗುತ್ತದೆ. ಹಾಲು ಜಾಸ್ತಿಯಾದರೆ ಗೆಜ್ಜೆ ಕುಗ್ಗುತ್ತದೆ. ಕಮ್ಮಿಯಾದರೆ ಹೊಸೆದದ್ದು ಬಿಚ್ಚಿಕೊಳ್ಳುತ್ತದೆ. ಗೌರಿಗೆ 16 ಎಳೆ, ಗಣಪತಿಗೆ 21 ಎಳೆ. ಎಣಿಕೆ ತಪ್ಪಬಾರದು. ಕೊನೆಗೆ ಗೆಜ್ಜೆ ಗೆಜ್ಜೆಯ ನಡುವೆ ಕುಂಕುಮ ಮುಟ್ಟಿಸಬೇಕು, ಅದು ಬಿಳಿಗೆ ಹರಡಬಾರದು.

ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅಮ್ಮ ಅರಳೆ ಮುಟ್ಟಲೇ ಇಲ್ಲ. ಗೌರಿ ಪೂಜೆ ತಮಗಿನ್ನು ಇಲ್ಲ ಅಂದುಕೊಂಡರು. ನಾವೂ 'ಸುಮ್ನೆ ಕೂತ್ಕೊಳಮ್ಮ, ಮಾಡಿದ್ದು ಸಾಕು, ಆರಾಮಾಗಿರು' ಅಂದೆವು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಎರಡು ವರ್ಷದಲ್ಲಿ ಅಮ್ಮ ಕಣ್ಣೆದುರೇ ಮಂಕಾದರು. ಮಧ್ಯಾಹ್ನವೆಲ್ಲ ನಿದ್ದೆ, ರಾತ್ರಿ ಎಚ್ಚರ. ಹೇಳಿದ್ದನ್ನೇ ಹೇಳುವುದು, ಇಟ್ಟದ್ದನ್ನು ಹುಡುಕುವುದು. ಆಮೇಲೊಂದು ದಿನ ಎದುರು ಮನೆಯ ಹುಡುಗಿ ಬಂದು, 'ಅಂಗಡೀದು ಎರಡೇ ದಿನಕ್ಕೆ ಚಪ್ಪಟೆಯಾಗುತ್ತೆ ಆಂಟಿ, ನನಗೆ ಇದು ಮೊದಲ ಗೌರಿ ಹಬ್ಬ, ನೀವೇ ಒಂದು ಜೊತೆ ಮಾಡಿಕೊಡಿ' ಅಂದಳು. ಅಮ್ಮ ಆವತ್ತು ಸಂಜೆಯೇ ಅರಳೆ ತರಿಸಿದರು.

ಅಲ್ಲಿಂದ ಮುಂದೆ ಅಮ್ಮನಲ್ಲಿ ಆದ ಬದಲಾವಣೆ ನೋಡಿದ ಮೇಲೆ ನನಗೆ ಈ ವಿಷಯದ ಬೆನ್ನು ಹತ್ತಬೇಕು ಅನ್ನಿಸಿತು. ನಮ್ಮ ಊರನ್ನು ಪಿಂಚಣಿದಾರರ ಸ್ವರ್ಗ ಅನ್ನುತ್ತಾರೆ. ಆದರೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಹಿರಿಯರ ಕೈಕೆಲಸಕ್ಕೆ ಇರುವುದು ಒಂದೇ ಹೆಸರು, 'ಹೊತ್ತು ಹೋಗಲಿ ಅಂತ'. ಆ ಮಾತು ನನಗೆ ಒಪ್ಪಿಗೆಯಿಲ್ಲ. ಸ್ವಲ್ಪ ತಿಣುಕಿಸುವ ಕೆಲಸ, ಇನ್ನೊಬ್ಬರಿಗೆ ಬೇಕಾಗುವ ಕೆಲಸ ಸಿಕ್ಕಿದರೆ ವಯಸ್ಸಾದ ಮಿದುಳಿಗೂ ಮನಸ್ಸಿಗೂ ಅದು ಕೊಡುವುದು ಹೊತ್ತು ಕಳೆಯುವುದಕ್ಕಿಂತ ತುಂಬಾ ಹೆಚ್ಚು. ಯಾಕೆ, ಹೇಗೆ ಅಂತ ನೋಡೋಣ.

ಬೆರಳು ಮತ್ತು ಮಿದುಳು

ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ನರಶಸ್ತ್ರ ವೈದ್ಯರಿದ್ದರು. ಮೂರ್ಛೆ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡುವಾಗ ರೋಗಿ ಎಚ್ಚರದಲ್ಲಿರುವಂತೆಯೇ ಮಿದುಳಿನ ಮೇಲ್ಪದರಕ್ಕೆ ಅತಿ ಸಣ್ಣ ವಿದ್ಯುತ್ ತಾಗಿಸಿ, ಯಾವ ಜಾಗ ಮುಟ್ಟಿದರೆ ಮೈಯ ಯಾವ ಭಾಗ ಅಲುಗುತ್ತದೆ ಎಂದು 1930ರ ದಶಕದಲ್ಲಿ ನಕ್ಷೆ ಮಾಡಿದರು. ಆ ನಕ್ಷೆಯಲ್ಲಿ ಬೆನ್ನಿಗೆ, ತೊಡೆಗೆ ಸಿಕ್ಕಿರುವುದು ಚೂರು ಜಾಗ. ಕೈಗೆ, ಬೆರಳಿಗೆ, ತುಟಿಗೆ, ನಾಲಿಗೆಗೆ ಸಿಕ್ಕಿರುವುದು ದೊಡ್ಡ ದೊಡ್ಡ ಹಿಡುವಳಿ. ಅಂದರೆ ಬೆರಳು ಕೆಲಸ ಮಾಡುವಾಗ ಮಿದುಳಿನ ದೊಡ್ಡ ಬಯಲೊಂದು ಎದ್ದು ನಿಲ್ಲುತ್ತದೆ.

ಅಮ್ಮ ಒಂದು ಗೆಜ್ಜೆ ಹೊಸೆಯುವಾಗ ಏನೇನು ನಡೆಯುತ್ತಿದೆ ಅಂತ ಬಿಡಿಸಿ ನೋಡಿ. ಕಣ್ಣು ಅಂತರ ಅಳೆಯುತ್ತಿದೆ. ಬೆರಳ ತುದಿ ಅರಳೆ ಎಷ್ಟು ಒದ್ದೆಯಾಗಿದೆ ಎಂದು ಹೇಳುತ್ತಿದೆ. ಅದಕ್ಕೆ ತಕ್ಕ ಹಾಗೆ ಒತ್ತಡ ಕಮ್ಮಿ ಜಾಸ್ತಿ ಆಗುತ್ತಿದೆ. ಎರಡು ಕೈಗಳು ಎರಡು ಬೇರೆ ಕೆಲಸ ಮಾಡುತ್ತಾ ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ. ಎಷ್ಟನೇ ಎಳೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿದೆ. ತಪ್ಪಾದರೆ ಗೊತ್ತಾಗಬೇಕು, ಬಿಚ್ಚಿ ಮತ್ತೆ ಮಾಡಬೇಕು. ಟೀವಿ ಮುಂದೆ ಕೂತಾಗ ಇದರಲ್ಲಿ ಯಾವುದೂ ಇಲ್ಲ. ಅಲ್ಲಿ ಚಿತ್ರ ಓಡುತ್ತದೆ, ನಾವು ನೋಡುತ್ತೇವೆ, ಅಷ್ಟೇ.

ಇದು ಬರೀ ಊಹೆಯೋ, ಪರೀಕ್ಷೆ ಮಾಡಿ ನೋಡಿದ್ದಾರೋ? ನೋಡಿದ್ದಾರೆ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಡಲ್ಲಾಸ್ ವಿಭಾಗದಲ್ಲಿ ಡೆನಿಸ್ ಪಾರ್ಕ್ ಎಂಬ ವಿಜ್ಞಾನಿ 'ಸಿನಾಪ್ಸ್ ಪ್ರಾಜೆಕ್ಟ್' ಎಂಬ ಅಧ್ಯಯನ ನಡೆಸಿದರು. 60ರಿಂದ 90 ವಯಸ್ಸಿನ 221 ಜನರನ್ನು ಗುಂಪುಗಳಾಗಿ ಹಂಚಿದರು. ಕೆಲವರಿಗೆ ಕೌದಿ ಹೊಲಿಯುವುದನ್ನು ಕಲಿಸಿದರು. ಕೆಲವರಿಗೆ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತಿದ್ದುವುದನ್ನು ಕಲಿಸಿದರು. ಕೆಲವರಿಗೆ ಎರಡೂ. ಇನ್ನೊಂದು ಗುಂಪಿನವರು ಏನೂ ಹೊಸದು ಕಲಿಯಲಿಲ್ಲ, ಒಟ್ಟಿಗೆ ಸೇರಿ ಹರಟೆ, ಸುತ್ತಾಟ, ಆಟ ಅಂತ ಕಳೆದರು. ಮತ್ತೊಂದು ಗುಂಪು ಮನೆಯಲ್ಲೇ ಸಂಗೀತ ಕೇಳುವುದು, ಪದಗಳ ಆಟ ಆಡುವುದು ಮಾಡಿತು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಇದು ನಡೆಯಿತು.

ಕೊನೆಯಲ್ಲಿ ಪರೀಕ್ಷಿಸಿದಾಗ, ಕಷ್ಟಪಟ್ಟು ಹೊಸದು ಕಲಿತವರ ನೆನಪಿನ ಶಕ್ತಿ ಹರಟೆಯ ಗುಂಪಿಗಿಂತ, ಮನೆಯ ಗುಂಪಿಗಿಂತ ಸುಧಾರಿಸಿತ್ತು. ಫೋಟೋ ಕಲಿತವರಲ್ಲಿ ಇದು ಹೆಚ್ಚು ಎದ್ದು ಕಂಡಿತು. ಅವರಿಗೆ ಕಲಿಯಬೇಕಾದದ್ದೂ ಜಾಸ್ತಿ ಇತ್ತು, ಅಲ್ವಾ. ನನಗೆ ಈ ಅಧ್ಯಯನ ಮುಖ್ಯ ಅನ್ನಿಸುವುದು ಆ ಹರಟೆಯ ಗುಂಪಿನಿಂದಾಗಿ. ಜನರ ಜೊತೆ ಇರುವುದು ಮನಸ್ಸಿಗೆ ಒಳ್ಳೆಯದೇ. ಆದರೆ ನೆನಪು ಗಟ್ಟಿಯಾಗಬೇಕಾದರೆ ಅದೊಂದೇ ಸಾಲಲಿಲ್ಲ. ತಲೆ ಸ್ವಲ್ಪ ತಿಣುಕಬೇಕಾಯಿತು.

ಜರ್ಮನಿಯಲ್ಲಿ ನಡೆದ ಇನ್ನೊಂದು ಸಣ್ಣ ಅಧ್ಯಯನ ಮೈಸೂರಿನವರಿಗೆ ತುಂಬಾ ಹತ್ತಿರದ ಪ್ರಶ್ನೆ ಕೇಳುತ್ತದೆ. ನಿವೃತ್ತರಾದ 28 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 10 ವಾರ ಚಿತ್ರ ಬಿಡಿಸಿತು. ಇನ್ನೊಂದು ಗುಂಪು ಅಷ್ಟೇ ವಾರ ಸಂಗ್ರಹಾಲಯದಲ್ಲಿ ಚಿತ್ರಗಳನ್ನು ನೋಡಿ ಅವುಗಳ ಬಗ್ಗೆ ಚರ್ಚಿಸಿತು. ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಚಿತ್ರ ಬಿಡಿಸಿದವರಲ್ಲಿ ಮಿದುಳಿನ ಬೇರೆ ಬೇರೆ ಭಾಗಗಳ ನಡುವಿನ ಸಂಪರ್ಕ ಹೆಚ್ಚಿತ್ತು, ಕಷ್ಟ ಬಂದಾಗ ತಡೆದುಕೊಳ್ಳುವ ಮನಸ್ಸೂ ಸುಧಾರಿಸಿತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. 28 ಜನ ಅಂದರೆ ಕಮ್ಮಿಯೇ, ಅದನ್ನೇ ಕೊನೆಯ ಮಾತು ಅಂತ ಹಿಡಿಯುವ ಹಾಗಿಲ್ಲ. ಆದರೂ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಹೋಗಿ ದೀಪ ಹಿಡಿದ ಹೆಂಗಸಿನ ಆ ಚಿತ್ರದ ಮುಂದೆ ನಿಂತು ಬರುವ ಹಿರಿಯರಿಗೆ, ಮನೆಗೆ ಬಂದು ಒಂದು ದೀಪವನ್ನಾದರೂ ಬಿಡಿಸಿ ನೋಡಿ ಅನ್ನಬೇಕು ಅನ್ನಿಸುತ್ತದೆ.

ಜಂಬೂ ಸವಾರಿಯ ದಿನದ ದಾರಿ

ವಯಸ್ಸಾದಂತೆ ಮಿದುಳು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಎಲ್ಲರಿಗೂ ಆಗುವುದೇ ಇದು. ಆದರೆ ಅಷ್ಟೇ ಸವೆದ ಇಬ್ಬರಲ್ಲಿ ಒಬ್ಬರು ತಮ್ಮ ಲೆಕ್ಕಪತ್ರ ತಾವೇ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಮನೆ ವಿಳಾಸ ಮರೆಯುತ್ತಾರೆ. ಇದು ಹೇಗೆ? ವಿಜ್ಞಾನಿಗಳು ಇದಕ್ಕೆ ಕಾಗ್ನಿಟಿವ್ ರಿಸರ್ವ್ ಎಂಬ ಹೆಸರು ಕೊಟ್ಟಿದ್ದಾರೆ. ಬುದ್ಧಿಯ ಇಡುಗಂಟು ಅನ್ನೋಣ.

ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ವಿಜಯದಶಮಿಯ ದಿನ ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ ದಾಟಿ ಬನ್ನಿಮಂಟಪದವರೆಗೂ ದಾರಿ ಬಂದ್. ಹೊರ ಊರಿಂದ ಬಂದವರು ಬ್ಯಾರಿಕೇಡ್ ಮುಂದೆ ನಿಂತುಬಿಡುತ್ತಾರೆ. ಹಳೇ ಮೈಸೂರಿನ ಗಲ್ಲಿ ಗಲ್ಲಿ ಸುತ್ತಿ ಬೆಳೆದವರು ಯಾವುದೋ ಸಂದಿ ಹಿಡಿದು, ಯಾವುದೋ ಮನೆಯ ಹಿಂದಿನಿಂದ ನುಗ್ಗಿ ಮನೆ ಸೇರುತ್ತಾರೆ. ಮುಖ್ಯ ರಸ್ತೆ ಇಬ್ಬರಿಗೂ ಮುಚ್ಚಿದೆ. ಒಬ್ಬರಿಗೆ ಒಳದಾರಿಗಳು ಗೊತ್ತು, ಅಷ್ಟೇ ವ್ಯತ್ಯಾಸ. ಓದು, ಕೆಲಸ, ಹೊಸ ಭಾಷೆ, ಸಂಗೀತ, ಕೈಕೆಲಸ ಎಲ್ಲವೂ ಮಿದುಳಿಗೆ ಇಂಥ ಒಳದಾರಿಗಳನ್ನು ಪರಿಚಯ ಮಾಡಿಸುತ್ತವೆ. ಅರವತ್ತರ ಮೇಲೂ ಹೊಸ ಗಲ್ಲಿ ಕಲಿಯಬಹುದು. ನಿಧಾನವಾಗಬಹುದು, ಆದರೆ ಆಗುತ್ತದೆ.

ಈ ಇಡುಗಂಟು ಸೇರಲು ಶುರುವಾಗುವುದು ಮಾತ್ರ ತುಂಬಾ ಮೊದಲೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನುತ್ತೇವಲ್ಲ, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಹೀಗೆ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ, ಅವರ ಹೃದಯ, ಸಕ್ಕರೆ ಕಾಯಿಲೆ, ಈಚೆಗೆ ಇಳಿವಯಸ್ಸಿನ ಬುದ್ಧಿಶಕ್ತಿಯ ಬಗ್ಗೆಯೂ ಸಂಶೋಧನೆ ನಡೆಸಿದ್ದಾರೆ. ಮುಪ್ಪಿನ ಕಥೆಯನ್ನು ತಿಳಿಯಲು ತೊಟ್ಟಿಲ ದಿನದ ದಾಖಲೆ ಬೇಕಾಯಿತು ಅನ್ನುವುದೇ ನನಗೆ ದೊಡ್ಡ ವಿಷಯ ಅನ್ನಿಸಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಮೇಯೊ ಕ್ಲಿನಿಕ್‌ನವರು 85 ದಾಟಿದ 256 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಧ್ಯವಯಸ್ಸಿನಲ್ಲೂ ಇಳಿವಯಸ್ಸಿನಲ್ಲೂ ಚಿತ್ರಕಲೆ, ಶಿಲ್ಪದಂಥ ಕೆಲಸ ಮಾಡಿದವರಲ್ಲಿ ಬುದ್ಧಿಶಕ್ತಿ ಸ್ವಲ್ಪ ಮಸುಕಾಗುವ ಆರಂಭದ ತೊಂದರೆಯ ಸಾಧ್ಯತೆ ಶೇ. 73ರಷ್ಟು ಕಮ್ಮಿ ಇತ್ತು. ಹೊಲಿಗೆ, ಮರಗೆಲಸ, ಕುಂಬಾರಿಕೆಯಂಥ ಕೈಕೆಲಸದವರಲ್ಲಿ ಶೇ. 45ರಷ್ಟು ಕಮ್ಮಿ. ಈ ಸಂಖ್ಯೆಗಳನ್ನು ವಾಟ್ಸಾಪ್‌ನಲ್ಲಿ 'ಚಿತ್ರ ಬಿಡಿಸಿದರೆ ಮರೆವು ಬರಲ್ಲ' ಅಂತ ಹಂಚುವುದು ಸುಲಭ. ಆದರೆ ಇದು ಬರೀ ಗಮನಿಸಿದ ಅಧ್ಯಯನ. ಮಿದುಳು ಚೆನ್ನಾಗಿರುವವರೇ ಕುಂಚ ಹಿಡಿದು ಕೂರುತ್ತಾರೆ, ಮಿದುಳು ಸೋಲುತ್ತಿರುವವರು ಮೊದಲೇ ಬಿಟ್ಟಿರುತ್ತಾರೆ ಅನ್ನುವ ಸಾಧ್ಯತೆಯೂ ಇದೆ. ಹಾಗಾಗಿ ಡಲ್ಲಾಸ್‌ನ ಅಧ್ಯಯನದ ಜೊತೆ ಇಟ್ಟು ಓದಿದರೆ ಮಾತ್ರ ಇದಕ್ಕೆ ತೂಕ.

ಯಾರಿಗೋ ಬೇಕು ಅನ್ನುವುದು

ಮಿದುಳಿನ ಮಾತು ಇಷ್ಟಾಯಿತು. ಮನಸ್ಸಿನ ಮಾತು ನನಗೆ ಅದಕ್ಕಿಂತ ಮುಖ್ಯ.

2023ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 16 ದೇಶಗಳ, 65 ದಾಟಿದ 93,263 ಜನರ ಮಾಹಿತಿ ಸೇರಿಸಿ ನೋಡಿದಾಗ, ಯಾವುದಾದರೂ ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಮ್ಮಿ, ತಮ್ಮ ಆರೋಗ್ಯ ಚೆನ್ನಾಗಿದೆ ಅನ್ನುವ ಭಾವನೆ, ಸಂತೋಷ, ಬದುಕಿನ ಬಗ್ಗೆ ತೃಪ್ತಿ ಹೆಚ್ಚು ಇದ್ದವು. ದೇಶ ದೇಶಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಕಂಡಿತು.

ಯಾಕೆ ಹೀಗೆ? ನಿವೃತ್ತಿಯಾದ ಮೇಲೆ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ಕೈತಪ್ಪಿ ಹೋಗುವುದು ಏನೆಂದು ಯೋಚಿಸಿ. ಯಾವುದನ್ನು ಯಾವಾಗ ಮಾಡಬೇಕು ಎಂದು ತಾವೇ ತೀರ್ಮಾನಿಸುವ ಅವಕಾಶ ಹೋಗುತ್ತದೆ. 'ಇದು ನನಗೆ ಬರುತ್ತೆ' ಅನ್ನುವ ಧೈರ್ಯ ಹೋಗುತ್ತದೆ. 'ನನ್ನಿಂದ ಯಾರಿಗೋ ಏನೋ ಬೇಕಾಗಿದೆ' ಅನ್ನುವುದು ಹೋಗುತ್ತದೆ. ಕೈಕೆಲಸ ಈ ಮೂರನ್ನೂ ಸಣ್ಣ ಪ್ರಮಾಣದಲ್ಲಿ ವಾಪಸ್ ತಂದುಕೊಡುತ್ತದೆ. ಕೆಂಪು ನೂಲೋ ಹಸಿರು ನೂಲೋ, ತೀರ್ಮಾನ ನನ್ನದು. ನಿನ್ನೆ ಅರ್ಧ ಆಗಿತ್ತು, ಇವತ್ತು ಮುಗಿಯಿತು, ಕಣ್ಣಿಗೆ ಕಾಣುತ್ತಿದೆ. ನಾಳೆ ಅದನ್ನು ಒಯ್ಯಲು ಯಾರೋ ಬರುತ್ತಾರೆ.

ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ನನ್ನ ಸ್ನೇಹಿತನ ತಾತ ಇದ್ದರು. ಎಂಬತ್ತು ದಾಟಿದ್ದರು. ಗದ್ದೆಗೆ ಇಳಿಯಲು ಆಗುತ್ತಿರಲಿಲ್ಲ. ಕೊಟ್ಟಿಗೆಯ ಜಗುಲಿ ಮೇಲೆ ಕೂತು ಕತ್ತಾಳೆ ನಾರಿನಲ್ಲಿ ಹಗ್ಗ ಹುರಿ ಮಾಡುತ್ತಿದ್ದರು. ಮೂಗುದಾರ, ಕಣ್ಣಿ, ಕರು ಕಟ್ಟುವ ಹಗ್ಗ. ತೊಡೆಯ ಮೇಲೆ ನಾರಿಟ್ಟು ಅಂಗೈಯಿಂದ ಉಜ್ಜಿದರೆ ಎರಡು ಎಳೆ ಒಂದಾಗಿ ಹಾವಿನ ಹಾಗೆ ಮುಂದಕ್ಕೆ ಹರಿಯುತ್ತಿತ್ತು. ಮಗ ಪೇಟೆಯಿಂದ ನೈಲಾನ್ ಹಗ್ಗ ತಂದು ಹಾಕಿ, 'ನೀನ್ಯಾಕಪ್ಪ ಒದ್ದಾಡ್ತೀಯ' ಅಂದ. ತಾತ ತಲೆ ಎತ್ತದೆ, 'ಸುಮ್ಕೆ ಕುಂತ್ರೆ ಕೈ ಮರಗಟ್ಟೋಯ್ತದೆ ಕಣ್ಲಾ. ನಿನ್ ಹಗ್ಗ ಹಸೀನ್ ಕುತ್ಗೆ ಕೊಯ್ತದೆ' ಅಂದರು. ಅವರು ಹೊಸೆದದ್ದನ್ನು ಊರಿನ ಮೂರು ನಾಲ್ಕು ಮನೆಯವರು ಕೇಳಿ ಒಯ್ಯುತ್ತಿದ್ದರು. ಅಷ್ಟು ಸಾಕಿತ್ತು ಅವರಿಗೆ.

ಗಂಡಸರ ವಿಷಯ ಇಲ್ಲಿ ಬೇರೆಯಾಗಿ ಹೇಳಬೇಕು. ನಮ್ಮ ಹೆಂಗಸರಿಗೆ ರಂಗೋಲಿ, ಹೂಬತ್ತಿ, ಕ್ರೋಶಾ, ಸಂಕ್ರಾಂತಿಯ ಸಕ್ಕರೆ ಅಚ್ಚು ಅಂತ ಕೈಗೆ ಏನಾದರೂ ಅಂಟಿಕೊಂಡಿರುತ್ತದೆ. ಆಫೀಸಿನಲ್ಲಿ ಮೂವತ್ತೈದು ವರ್ಷ ಫೈಲು ನೋಡಿದ ಗಂಡಸಿಗೆ ಎಷ್ಟೋ ಸಲ ಏನೂ ಇರುವುದಿಲ್ಲ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ವಾಕಿಂಗ್, ಆಮೇಲೆ ಪೇಪರ್, ಆಮೇಲೆ ಟೀವಿ, ಅಲ್ಲಿಗೆ ದಿನ ಮುಗಿಯಿತು. ನಮ್ಮ ಬೀದಿಯ ಒಬ್ಬ ನಿವೃತ್ತ ಎಂಜಿನಿಯರ್ ಹೀಗೇ ಇದ್ದರು. ಒಂದು ನವರಾತ್ರಿಗೆ ಮೊಮ್ಮಗಳು ಗೊಂಬೆ ಹಬ್ಬದ ಪಾರ್ಕ್ ಮಾಡಿಕೊಡು ತಾತ ಎಂದು ಹಟ ಹಿಡಿದಳು. ಅವರು ಥರ್ಮೋಕೋಲ್ ಕತ್ತರಿಸಿ, ಪುಟ್ಟ ಮೋಟರ್ ಇಟ್ಟು, ಕನ್ನಂಬಾಡಿ ಕಟ್ಟೆಯನ್ನೇ ಮಾಡಿದರು. ಕಟ್ಟೆಯಿಂದ ನೀರು ಧುಮುಕುತ್ತಿತ್ತು, ಕೆಳಗೆ ರಾಗಿ ಪೈರಿನ ಹಸಿರು ಗದ್ದೆ. ಗೊಂಬೆ ಬಾಗಿನ ತೆಗೆದುಕೊಳ್ಳಲು ಬಂದ ಮಕ್ಕಳೆಲ್ಲ ಪಟ್ಟದ ಗೊಂಬೆ ಬಿಟ್ಟು ಕಟ್ಟೆಯ ಮುಂದೆಯೇ ಕೂತವು. ಮುಂದಿನ ವರ್ಷದ ಕೆಲಸವನ್ನು ಅವರು ಯುಗಾದಿಗೇ ಶುರು ಮಾಡಿದರು.

'ನನಗೆ ಕೈ ಓಡಲ್ಲ, ಚಿತ್ರ ಗಿತ್ರ ಬರಲ್ಲ' ಅನ್ನುವವರಿಗೆ ಒಂದು ಮಾತು. ಫಿಲಡೆಲ್ಫಿಯಾದಲ್ಲಿ 2016ರಲ್ಲಿ 39 ಜನರಿಗೆ 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದ ಕೊಟ್ಟು ಏನು ಬೇಕಾದರೂ ಮಾಡಿ ಅಂದರು. ಮೊದಲು ಮತ್ತು ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ಒತ್ತಡವಿದ್ದಾಗ ಏರುವ ಹಾರ್ಮೋನ್ ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಇರಲಿಲ್ಲ. ಅವರೆಲ್ಲ 60ಕ್ಕಿಂತ ಚಿಕ್ಕವರು, ಅದು ನಿಜ. ಆದರೆ ಚೆನ್ನಾಗಿ ಬಂದರೆ ಮಾತ್ರ ಲಾಭ ಅನ್ನುವ ಹೆದರಿಕೆಯನ್ನು ಬಿಡಲು ಇಷ್ಟು ಸಾಕು.

ಹಳೆಯದೋ ಹೊಸದೋ

ಮೊದಲಿಂದ ಗೊತ್ತಿರುವ ಕೆಲಸ ಮಾಡಬೇಕೋ, ಹೊಸದು ಕಲಿಯಬೇಕೋ? ಎರಡಕ್ಕೂ ಬೇರೆ ಬೇರೆ ಕೆಲಸ ಇದೆ. ಕೈಗೆ ಪಳಗಿದ ಕೆಲಸ ಮನಸ್ಸನ್ನು ತಣ್ಣಗಾಗಿಸುತ್ತದೆ, ಬೆರಳನ್ನು ಚುರುಕಾಗಿಡುತ್ತದೆ. ಆದರೆ ನಲವತ್ತು ವರ್ಷದಿಂದ ಒಂದೇ ಐದು ಚುಕ್ಕಿ ರಂಗೋಲಿ ಹಾಕುತ್ತಿದ್ದರೆ ಮಿದುಳಿಗೆ ಅದರಲ್ಲಿ ಹೊಸದೇನೂ ಇಲ್ಲ. ಅದೇ ರಂಗೋಲಿಯನ್ನು ಹದಿನೈದು ಚುಕ್ಕಿಗೆ ಏರಿಸಿ, ಎಳೆ ಎಲ್ಲೂ ತುಂಡಾಗದಂತೆ ಸುತ್ತಿಸಿ ನೋಡಿ. ಹಳೆಯ ಕೆಲಸವೇ ಹೊಸ ಪಾಠವಾಗುತ್ತದೆ.

ಪೂರ್ತಿ ಹೊಸದು ಬೇಕು ಅನ್ನುವವರಿಗೆ ನಾನು ಹೇಳುವುದು ಮೈಸೂರು ಶೈಲಿಯ ಚಿತ್ರಕಲೆ. ನಮ್ಮ ನೆಲದ್ದೇ ಕಲೆ ಅನ್ನುವುದು ಒಂದು ಕಾರಣ. ವಿಜಯನಗರ 1565ರಲ್ಲಿ ಬಿದ್ದ ಮೇಲೆ ಚದುರಿದ ಕಲಾವಿದರಲ್ಲಿ ಕೆಲವರು ಶ್ರೀರಂಗಪಟ್ಟಣ ಸೇರಿದರು. 1610ರಲ್ಲಿ ಆ ಊರು ರಾಜ ಒಡೆಯರ ಕೈಗೆ ಬಂತು. ಈಗ ಮಂಡ್ಯ ಜಿಲ್ಲೆಯಲ್ಲಿರುವ ಆ ದ್ವೀಪದಲ್ಲಿ ಬೇರು ಬಿಟ್ಟ ಶೈಲಿಗೆ ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರು ದೊಡ್ಡ ಆಸರೆ ಕೊಟ್ಟರು. ಇನ್ನೊಂದು ಕಾರಣ, ಈ ಕಲೆ ನಿಧಾನವನ್ನೇ ಬೇಡುತ್ತದೆ. ಮೊದಲು ರೇಖೆ. ಹಿಂದೆ ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ಬರೆಯುತ್ತಿದ್ದರು, ಅಳಿಲಿನ ಕೂದಲಿನ ಕುಂಚ ಬಳಸುತ್ತಿದ್ದರು. ಆಮೇಲೆ ಒಡವೆ, ಕಿರೀಟ, ಕಂಬದ ಜಾಗಕ್ಕೆ ಗೆಸ್ಸೋ ಎಂಬ ಅಂಟಿನ ಲೇಪ ಹಚ್ಚಿ ತುಸು ಉಬ್ಬು ತರಿಸಬೇಕು. ತಂಜಾವೂರಿನಲ್ಲಿ ಉಬ್ಬು ದಪ್ಪ, ಕಲ್ಲು ಮಣಿ ಕೂರಿಸುತ್ತಾರೆ. ಮೈಸೂರಿನಲ್ಲಿ ಉಬ್ಬು ತೀರಾ ತೆಳು, ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಅದು ಒಣಗಬೇಕು. ಆಮೇಲೆ ಅದರ ಮೇಲೆ ಚಿನ್ನದ ಹಾಳೆ. ಉಸಿರು ಜೋರಾಗಿ ಬಿಟ್ಟರೂ ಹಾರಿಹೋಗುವಷ್ಟು ಹಗುರ ಅದು. ಹಾಗಾಗಿ ಕುಂಚ ಹಿಡಿದವರ ಉಸಿರು ತಾನಾಗಿ ನಿಧಾನವಾಗುತ್ತದೆ. ಆಮೇಲೆ ಬಣ್ಣ, ಕೊನೆಗೆ ಕಣ್ಣು, ಹುಬ್ಬು, ಒಡವೆಯ ಗೆರೆ. ಒಂದು ಚಿತ್ರ ವಾರಗಟ್ಟಲೆ ಹಿಡಿಯಬಹುದು. ಬೆಳಗ್ಗೆ ಎದ್ದಾಗ 'ಇವತ್ತು ಗೆಸ್ಸೋ ಒಣಗಿರುತ್ತೆ' ಎಂಬ ನೆನಪೊಂದು ಕಾಯುತ್ತಿರುತ್ತದಲ್ಲ, ಎಪ್ಪತ್ತರ ವಯಸ್ಸಿನಲ್ಲಿ ಅದು ದೊಡ್ಡದು. ಒಂದೇ ಎಚ್ಚರಿಕೆ. ಹಿಂದೆ ಲೇಪಕ್ಕೆ ಸೀಸದ ಬಿಳಿ ಪುಡಿ ಬಳಸುತ್ತಿದ್ದರು. ಅದು ವಿಷ. ಸತುವಿನ ಬಿಳಿ ಪುಡಿಯನ್ನೇ ಕೇಳಿ ತನ್ನಿ.

ಮರೆವು ಬಂದ ಮೇಲೆ

'ಅರವತ್ತಕ್ಕೆ ಅರಳು ಮರಳು' ಅನ್ನುತ್ತೇವೆ. ಮರೆವಿನ ಕಾಯಿಲೆ ವಯಸ್ಸಿನ ಸಹಜ ಭಾಗ ಎನ್ನುವಂತೆ ಆಡುವ ಈ ಮಾತಿನಿಂದ ಎಷ್ಟೋ ಜನ ವೈದ್ಯರ ಬಳಿಗೇ ಹೋಗುವುದಿಲ್ಲ. 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಇಲ್ಲ. ಬಂದರೆ ಅದು ಕಾಯಿಲೆ, ತಪಾಸಣೆ ಬೇಕು. ಕೈಕೆಲಸ ಅದನ್ನು ವಾಸಿ ಮಾಡುವುದಿಲ್ಲ.

ಆದರೂ ಅಲ್ಲಿ ಕೈಕೆಲಸಕ್ಕೆ ಒಂದು ಜಾಗ ಇದೆ. ನಮ್ಮ ಸೋದರತ್ತೆಗೆ ಕೊನೆಯ ವರ್ಷಗಳಲ್ಲಿ ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ. ನನ್ನನ್ನು ನೋಡಿ 'ಯಾರಪ್ಪ ನೀನು' ಅನ್ನುತ್ತಿದ್ದರು. ಆದರೆ ಮುಂದೆ ಒಂದು ಸೇರು ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆ ನಾರು ಇಟ್ಟರೆ ಸಾಕು. ನಾರಿನ ತುದಿ ಕಾಲ ಹೆಬ್ಬೆರಳಿಗೆ ಸಿಗಿಸಿಕೊಂಡು, ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ಕೈ ಎಲ್ಲೂ ತಡವರಿಸುತ್ತಿರಲಿಲ್ಲ. ಒಂದು ಮಾರು ಕಟ್ಟಿ ಮುಗಿಸಿ, ಯಾರ ಹೆಸರೂ ಗೊತ್ತಿಲ್ಲದ ಮನೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಮೊಳ ಹಾಕಿ ಹರಿದು ಕೊಡುತ್ತಿದ್ದರು.

ಇದಕ್ಕೆ ಕಾರಣ ಇದೆ. ನೆನಪು ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಬೆಳಗ್ಗೆ ಏನು ತಿಂದೆ, ನಿನ್ನೆ ಯಾರು ಬಂದಿದ್ದರು ಎಂಬಂಥ ನೆನಪುಗಳು ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ನೆಚ್ಚಿಕೊಂಡಿವೆ. ಅಲ್‌ಝೈಮರ್ ಮೊದಲು ಕೈ ಹಾಕುವುದು ಅಲ್ಲಿಗೆ ಮತ್ತು ಅದರ ಅಕ್ಕಪಕ್ಕಕ್ಕೆ. ಸೈಕಲ್ ತುಳಿಯುವುದು, ಹೂ ಕಟ್ಟುವುದು, ಚಪಾತಿ ಲಟ್ಟಿಸುವುದು ಇಂಥ ಕೈಗೆ ಕೂತ ಕೆಲಸಗಳ ನೆನಪು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಕಿರುಮಿದುಳಿನ ಕಡೆ ಇರುತ್ತದೆ. ಆ ಕಾಯಿಲೆಯಲ್ಲಿ ಅವು ಹೆಚ್ಚು ಕಾಲ ಉಳಿಯುತ್ತವೆ. ಹಾಗಾಗಿ ಮರೆವು ಬಂದವರಿಗೆ ಹೊಸದು ಕಲಿಸಲು ಹೋಗಬೇಡಿ. ಅವರ ಕೈಗೆ ಗೊತ್ತಿರುವುದನ್ನು ಹುಡುಕಿ ಮುಂದೆ ಇಡಿ. ಸೂಜಿ, ಕತ್ತರಿ ದೂರ ಇರಲಿ. ಸರಿಯಾಗಲಿಲ್ಲ ಎಂದು ತಿದ್ದಬೇಡಿ. ಅತ್ತೆ ಕಟ್ಟಿದ ಮಾಲೆ ಕೊನೆಕೊನೆಗೆ ಸಡಿಲವಾಗುತ್ತಿತ್ತು. ನಾವು ಮುಡಿಯುತ್ತಿದ್ದೆವು.

ಮೈಯ ಕಡೆಯೂ ಒಂದಿಷ್ಟು ಗಮನ ಬೇಕು. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಒಳಪರದೆಗೆ ಸುಮಾರು ಮೂರನೇ ಒಂದು ಭಾಗ ಬೆಳಕು ಮಾತ್ರ ತಲುಪುತ್ತದೆ. 'ಕಣ್ಣು ಕಾಣಲ್ಲ' ಎಂದು ಹೊಲಿಗೆ ಬಿಟ್ಟವರಿಗೆ ಕೆಲವು ಸಲ ಬೇಕಿರುವುದು ಎಡಗಡೆಯಿಂದ ಬೀಳುವ ಒಂದು ಒಳ್ಳೆಯ ಟೇಬಲ್ ದೀಪ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಮಂಡಿ ಬಿಡದಿದ್ದರೆ ಕುರ್ಚಿ, ಮೇಜು ಹಾಕಿಕೊಳ್ಳಿ. ಬೆರಳ ಗಂಟು ನೋಯುವವರು ಕ್ರೋಶಾ ಕಡ್ಡಿಗೆ ಬಟ್ಟೆ ಸುತ್ತಿ ಹಿಡಿಯನ್ನು ದಪ್ಪ ಮಾಡಿಕೊಂಡರೆ ನೋವು ಕಮ್ಮಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಮಂದವಾಗಿದ್ದರೆ ಸೂಜಿ ಚುಚ್ಚಿದ್ದು ಗೊತ್ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಬೆರಳು ನೋಡಿಕೊಳ್ಳುವುದು ಅಭ್ಯಾಸವಾಗಲಿ.

ತಿಂಗಳಾದರೂ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕೇ ಬೇಡ ಅನ್ನುತ್ತಾರೆ ಅಂದರೆ ಅವರ ಕೈಗೆ ಉಲ್ಲನ್ ನೂಲು ಕೊಟ್ಟು ಸುಮ್ಮನಾಗಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಮಕ್ಕಳಾದ ನಮಗೆ ಮಾಡಲು ಇರುವುದು ಇಷ್ಟೇ. 'ಏನಾದ್ರೂ ಹವ್ಯಾಸ ಇಟ್ಕೋಮ್ಮ' ಎಂದು ಉಪದೇಶ ಮಾಡಿದರೆ ಏನೂ ನಡೆಯುವುದಿಲ್ಲ. ಒತ್ತಾಯ ಮಾಡಿದರೆ ಇನ್ನೂ ಕೆಡುತ್ತದೆ. ಕೇಳಬೇಕು. 'ನನಗೆ ಇದು ಬೇಕು, ಮಾಡಿಕೊಡ್ತೀಯಾ' ಎಂದು ನಿಜವಾಗಿ ಬೇಕಾಗಿರುವುದನ್ನು ಕೇಳಬೇಕು. ಮಾಡಿಕೊಟ್ಟದ್ದನ್ನು ಬೀರುವಿನಲ್ಲಿಡದೆ ಬಳಸಬೇಕು.

ಕಳೆದ ವರ್ಷ ಅಮ್ಮ ಗೌರಿಗೆ ಹದಿನೆಂಟು ಜೊತೆ ಗೆಜ್ಜೆವಸ್ತ್ರ ಮಾಡಿದರು. ಯಾವ ಮನೆಗೆ ಎಷ್ಟು ಎಂದು ಗೋಡೆಯ ಕ್ಯಾಲೆಂಡರಿನ ಹಿಂಬದಿ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಈ ಸಲ ಹೊಸದೊಂದು ನಮೂನೆ ಹಿಡಿದಿದ್ದಾರೆ, ಗೆಜ್ಜೆಯ ನಡುವೆ ಜರಿ ದಾರ ಸೇರಿಸಿ ಹೂವಿನ ಹಾಗೆ ತಿರುಗಿಸುವುದು. ಎದುರು ಮನೆಯ ಹುಡುಗಿ ಮೊಬೈಲಿನಲ್ಲಿ ತೋರಿಸಿದ್ದು. ಮೊದಲ ಮೂರು ಹಾಳಾದವು. ನಿನ್ನೆ ರಾತ್ರಿ ಒಂಬತ್ತೂವರೆಗೆ ನಾನು ಲೈಟ್ ಆರಿಸಲು ಹೋದಾಗ, 'ಇರು, ಇದೊಂದು ತಿರುವು ಈಗ ಸಿಕ್ತಾ ಇದೆ' ಅಂದರು.